ಹದಿನೇಳನೆಯ ಕಮಾನಿನ ಹಿಂದೆ ರವದಿ ಇರಲಿಲ್ಲ

ನಾನು ಬಾಳಾಸಾಬ ತಂದೆ ಗುರಪ್ಪ ಖೋತ, ವಯಸ್ಸು 51 ವರ್ಷ, ಉದ್ಯೋಗ ಮೊದಲು ಬಾವಿ ತೋಡುವುದು, ಈಗ ಸುರಂಗದ ಕೆಲಸಕ್ಕೆ ಆಳು ಒದಗಿಸಿ ಕಮಾನು ಕೂಡಿಸುವ ತುಂಡುಗುತ್ತಿಗೆ, ಸಾಕಿನ ಪಾಲಬಾವಿ, ತಾಲೂಕು ರಾಯಬಾಗ, ಇಂದು ದಿನಾಂಕ 14-3-1991 ಗುರುವಾರ ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಕಲಿತದ್ದು ನಾಲ್ಕನೇ ಈಯತ್ತೆ. ಅಳತೆ ಹಿಡಿದು ಬರೆದಿಡಲು ಅಷ್ಟು ಸಾಕಾಗಿದೆ. 1964 ರಿಂದ 1987 ರವರೆಗೆ ಅಕ್ಕೋಳದಿಂದ ಪಾಲಬಾವಿಯವರೆಗೆ ಒಟ್ಟು 63 ಬಾವಿ ತೋಡಿಸಿದ್ದೇನೆ. ಅವುಗಳಲ್ಲಿ ಎರಡು ಕುಸಿದಿವೆ. ಎರಡೂ ಗೇರು ಹತ್ತಿದ ಬಾವಿಗಳು. ಎರಡೂ ಭರಮು ನನ್ನ ಕಡೆ ಕೆಲಸಕ್ಕೆ ಬರುವ ಮೊದಲಿನವು. ಭರಮು ತಂದೆ ಮಾಳಸಿದ್ದ ಪೂಜೇರಿ, ವಯಸ್ಸು 44, ನಮ್ಮ ಊರಿನವನೇ. ಸುರಂಗದಲ್ಲಿ ನನ್ನ ಆಳುಗಳ ಮುಕಾದಮ, ಅಂದರೆ ಮೇಸ್ತ್ರಿ. ನಿನ್ನೆ ಬೆಳಿಗ್ಗೆ 11 ಗಂಟೆಯಿಂದ ಈ ಗೋಡೆಯ ಆಚೆ ಲಾಕಪ್ಪಿನಲ್ಲಿದ್ದಾನೆ. ನಾನು ಬಂದದ್ದು ಅವನ ಸಲುವಾಗಿ.

ಗೇರು ಎಂದರೆ ಹೆಣ್ಣುಮಕ್ಕಳು ಗೋಡೆಯ ಬುಡಕ್ಕೆ ಬಳಿಯುವ ಕೆಂಪು ಮಣ್ಣು. ನಮ್ಮ ಭಾಗದಲ್ಲಿ ಕರಿಕಲ್ಲಿನ ಎರಡು ಥರಗಳ ನಡುವೆ ಅದು ಒಂದು ಮೊಳದಿಂದ ಒಂದಾಳಿನವರೆಗೆ ಸಿಗುತ್ತದೆ. ಒಣಗಿದ್ದಾಗ ಸಾಬೂನಿನ ತುಂಡಿನಂತೆ ಗಟ್ಟಿಯಾಗಿ ಕೂತಿರುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಎದುರಿಗೆ ಏನಿದ್ದರೂ ತಳ್ಳುತ್ತದೆ. ಬಾವಿಯಲ್ಲಿ ಗೇರು ಹತ್ತಿದರೆ ಭರಮು ಮದ್ದು ಹಾಕಗೊಡುವುದಿಲ್ಲ. ಹಾಕಿದರೂ ಅರ್ಧ ಕಾಂಡಿ, ಅಂದರೆ ಅರ್ಧ ಕಡ್ಡಿ, ಜಿಲೆಟಿನ್ ಮಾತ್ರ. ಉಳಿದದ್ದು ಹಾರೆ, ಗುದ್ದಲಿ. ಆಮೇಲೆ ಗೇರಿಗೂ ಕಲ್ಲಿನ ಕಟ್ಟಡಕ್ಕೂ ನಡುವೆ ಒಂದು ಗೇಣು ಜಾಗ ಬಿಟ್ಟು ಅದರಲ್ಲಿ ಕಬ್ಬಿನ ರವದಿ, ಅಂದರೆ ಕಬ್ಬು ಕಡಿದ ಮೇಲೆ ಉಳಿಯುವ ಒಣಗಿದ ಸೋಗೆ, ಒತ್ತಿ ತುಂಬುತ್ತಾನೆ. ಮಣ್ಣು ಉಬ್ಬಿದರೆ ರವದಿ ಕುಗ್ಗುತ್ತದೆ, ಕಟ್ಟಡಕ್ಕೆ ಏನೂ ಆಗುವುದಿಲ್ಲ. ಇದು ಅವನ ಅಪ್ಪ ಮಾಳಸಿದ್ದನ ಪದ್ಧತಿ. ಹೀಗೆ ಕಟ್ಟಿದ ಬಾವಿಗಳು 19. ಕೆಲವಕ್ಕೆ ಪಂಪು ಹಚ್ಚಿ ಇಪ್ಪತ್ತು ವರ್ಷವಾದರೂ ಒಂದರಲ್ಲಿಯೂ ಒಂದು ಕಲ್ಲು ಜರುಗಿಲ್ಲ.

ಪಾಲಬಾವಿಯಿಂದ ದಕ್ಷಿಣಕ್ಕೆ 3 ಕಿ.ಮೀ. ದೂರದ ಕುರಿದಡ್ಡಿ ದಿಬ್ಬದಲ್ಲಿ ಕಾಲುವೆಯ ಸಲುವಾಗಿ ಸುರಂಗ (ನಮ್ಮ ಮಾತಿನಲ್ಲಿ ಬೋಗದಾ) ಕೊರೆಯುವ ಕೆಲಸ ದಿನಾಂಕ 3-11-1990 ರಂದು ಆರಂಭವಾಯಿತು. ದೊಡ್ಡ ಗುತ್ತಿಗೆ ಹೊರಗಿನ ಒಂದು ಕಂಪನಿಯದು. ಸ್ಥಳದಲ್ಲಿ ಅದರ ಇಂಜಿನಿಯರ್ ರಾಜಾರಾಮ ಪಾಟಣಕರ, ವಯಸ್ಸು ಸುಮಾರು 35, ಮರಾಠಿ ಬೆರೆಸಿ ಕನ್ನಡ ಮಾತಾಡುವವರು. ಬಾಯಿಯಿಂದ 388 ಅಡಿಯವರೆಗೆ ಗಟ್ಟಿ ಕರಿಕಲ್ಲು. ಅಲ್ಲಿಯವರೆಗೆ ಅವರಿಗೂ ನಮಗೂ ಯಾವ ತಕರಾರೂ ಇರಲಿಲ್ಲ.

ದಿನಾಂಕ 11-2-1991 ರಂದು ಬೆಳಿಗ್ಗೆ 10 ಗಂಟೆಗೆ 388 ನೇ ಅಡಿಯಲ್ಲಿ ಎರಡೂ ಪಕ್ಕಕ್ಕೆ ಮೊಳಕಾಲಿನ ಎತ್ತರದಲ್ಲಿ ಗೇರು ಕಾಣಿಸಿತು. ನೆಲದ ಕೆಳಗೂ ಅದೇ ಇತ್ತು. ನಡುವೆ ಒಂದು ಅಡಿ ದಪ್ಪದ ಕರಿಕಲ್ಲಿನ ಹಾಸು. ಭರಮು ಕೈಯಲ್ಲಿ ಒಂದು ಹೆಂಟೆ ಹಿಡಿದು ಇಂಜಿನಿಯರರಿಗೆ ತೋರಿಸಿ, ಸಾಹೇಬ್ರ, ಈ ಹಾಸಗಲ್ಲ ಒಡೀಲಿಲ್ಲಂದ್ರ ಕೆಳಗಿನ ಗೇರು ಮಲಗಿರತೈತಿ, ಬಾಳ ಮದ್ದ ಹಾಕಿ ಕಲ್ಲಿಗಿ ಬಿರುಕ ಬಿಟ್ಟೀರಂದ್ರ ನೀರಿಗಿ ದಾರಿ ಆಗತೈತಿ, ಗೇರಿಗಿ ಏಳಾಕ ಜಾಗಾನೂ ಆಗತೈತಿ, ಆಮ್ಯಾಲ ಅದನ್ನ ಮಲಗಸಾಕ ನಿಮ್ಮಿಂದೂ ಆಗೂದಿಲ್ಲ, ನಮ್ಮಿಂದೂ ಆಗೂದಿಲ್ಲ ಎಂದು ಹೇಳಿದನು. ಇಂಜಿನಿಯರರು ಹೆಂಟೆಯನ್ನು ಮುಟ್ಟಿ ನೋಡಲಿಲ್ಲ. ಬರ, ತುಮಚಾ ಬಾವಿ ಶಾಸ್ತ್ರ ಚಾಲೂ ಠೇವಾ, ಅಂದರೆ ಆಗಲಿ, ನಿಮ್ಮ ಬಾವಿ ಶಾಸ್ತ್ರ ನಡೆಸಿರಿ ಎಂದು ನಕ್ಕು ಹೋದರು. ಅಂದು ಬೇಡ ಎನ್ನಲಿಲ್ಲ ಎಂಬುದನ್ನು ಗಮನಿಸಬೇಕು.

ಆ ದಿನದಿಂದ ದಿನಾಂಕ 22-2-1991 ರವರೆಗೆ ಹನ್ನೆರಡು ದಿನ, ದಿನಕ್ಕೆ 3 ಅಡಿಯಂತೆ ಸಾಗಿ, 3 ಅಡಿಗೆ ಒಂದರಂತೆ ಮೇಲಿನ ಕಲ್ಲು ಬೀಳದಂತೆ ಹೊರುವ 1 ರಿಂದ 12 ನೇ ನಂಬರಿನ ಕಬ್ಬಿಣದ ಕಮಾನುಗಳನ್ನು ನಿಲ್ಲಿಸಿದೆವು. ಪ್ರತಿ ಸಲ 14 ತೂತು, ಅರ್ಧ ಕಾಂಡಿ. ಕಮಾನಿನ ಹಿಂದೆ ಹಲಗೆ, ಹಲಗೆಯ ಹಿಂದೆ ಒಂದು ಗೇಣು ರವದಿ, ಅದರಾಚೆ ಕಲ್ಲು ಮತ್ತು ಗೇರು. ಹಲಗೆಯ ಮೇಲೆ ಸಿಮೆಂಟಿನ ಗಿಲಾವು. ರವದಿಯನ್ನು ಭರಮು ತನ್ನ ತಮ್ಮನ ಕಬ್ಬಿನ ಹೊಲದಿಂದ ಚಕ್ಕಡಿಯಲ್ಲಿ ತಂದನು. ಕಬ್ಬೆಲ್ಲ ಉಗಾರದ ಸಕ್ಕರೆ ಕಾರ್ಖಾನೆಗೆ ಹೋಗಿ ಹೊಲ ಬರಿದಾಗಿತ್ತು.

ದಿನಾಂಕ 23-2-1991 ರಂದು ಕಂಪನಿಯ ಮೇಲಿನವರು ಬಂದು ಹೋದ ಮೇಲೆ ಇಂಜಿನಿಯರರು ದಿನಕ್ಕೆ 6 ಅಡಿ ಆಗಲೇಬೇಕೆಂದು ಹೇಳಿ ತೂತುಗಳನ್ನು 32 ಕ್ಕೆ ಏರಿಸಿದರು. ಪ್ರತಿ ತೂತಿಗೆ ಎರಡು ಕಾಂಡಿ. ಮದ್ದು ಹಾರಿಸುವವರು ಕಂಪನಿಯ ಮಂದಿ, ನನ್ನವರಲ್ಲ. ನಾಲ್ಕು ದಿನದಲ್ಲಿ 13 ರಿಂದ 20 ನೇ ಕಮಾನುಗಳು ನಿಂತವು. ಅಷ್ಟೂ ಜಾಗದಲ್ಲಿ ನೆಲದ ಹಾಸಗಲ್ಲು ಬಿರುಕು ಬಿಟ್ಟಿತು. 26 ರಂದು ಸಂಜೆ 5 ಗಂಟೆಗೆ ಬ್ಯಾಟರಿ ಹಿಡಿದು ಎಣಿಸಿದೆನು. 24 ಅಡಿ ಉದ್ದದಲ್ಲಿ ಬೆರಳು ಹೋಗುವ ಬಿರುಕು 41. ಅದಕ್ಕೂ ಸಣ್ಣವನ್ನು ಎಣಿಸಲಿಲ್ಲ. ಭರಮು ಅಲ್ಲಿಯೂ ರವದಿ ತುಂಬಿದ್ದನು, ಆದರೆ ಗಿಲಾವು ಇನ್ನೂ ಆಗಿರಲಿಲ್ಲ.

ದಿನಾಂಕ 27-2-1991 ರಂದು ಬೆಳಿಗ್ಗೆ 11 ಗಂಟೆ 30 ನಿಮಿಷಕ್ಕೆ ಇಂಜಿನಿಯರರು 17 ನೇ ಕಮಾನಿನ ಹಲಗೆಯ ಸಂದಿಯಿಂದ ರವದಿಯ ಎಸಳು ಹೊರಗೆ ಇಣುಕಿದ್ದನ್ನು ನೋಡಿ, ಹಾ ಕಾಯ ಕಚರಾ, ಕಲ್ಲ ತುಂಬೂ ಜಾಗಾದಾಗ ಕಸಾ ತುಂಬಿ ಕಂಪನಿಗಿ ಟೋಪಿ ಹಾಕತೀರೇನು ಎಂದು ಇಪ್ಪತ್ತು ಆಳುಗಳ ಎದುರಿಗೆ ಭರಮುವನ್ನು ಕಳ್ಳನೆಂದು ಬೈದರು. ಹನ್ನೆರಡು ದಿನ ಅದೇ ಕಸದ ಪಕ್ಕದಲ್ಲಿ ದಿನಾ ಎರಡು ಸಲ ನಡೆದಾಡಿದವರು ಇವರೇ. ಕ್ಯಾಮೆರಾ ತರಿಸಿ 17 ನೇ ಕಮಾನಿನ ಫೋಟೋ ತೆಗೆಸಿದರು. ಆ ಫೋಟೋ ತೆಗೆದ ತಾರೀಖು 27-2-1991 ಎಂಬುದನ್ನು ದಯಮಾಡಿ ಬೇರೆ ಸಾಲಿನಲ್ಲಿ ಬರೆದುಕೊಳ್ಳಬೇಕು.

ಇಂಜಿನಿಯರರು ನನ್ನನ್ನು ಪಕ್ಕಕ್ಕೆ ಕರೆದು, ರವದಿ ಎಲ್ಲ ಹೊರಗೆ ಬೀಳಬೇಕು, ಆ ಜಾಗದಲ್ಲಿ ಕಲ್ಲಿನ ಚೂರು ಬಡಿದು ಬಿಗಿಯಬೇಕು, ಒಂದು ಬೆರಳು ಸಂದಿ ಇರಬಾರದು, ಮುಂದಿನ ಸುರಂಗವನ್ನೂ ನಿನ್ನ ಮಂದಿಗೇ ಕೊಡಬೇಕೆಂದು ನನ್ನ ಮನಸ್ಸಿನಲ್ಲಿದೆ, ಯೋಚನೆ ಮಾಡು ಎಂದು ಹೇಳಿದರು. 1 ರಿಂದ 12 ರವರೆಗಿನದನ್ನು ಏನು ಮಾಡುವುದೆಂದು ಕೇಳಿದೆನು. ಗಿಲಾವು ಒಡೆದರೆ ಎರಡು ದಿನ ಹಾಳು, ಅದನ್ನು ಬಿಡು ಎಂದರು. ಕಾಗದದ ಮೇಲೆ ಬರೆದು ಕೊಡಿರಿ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.

ದಿನಾಂಕ 28-2-1991 ರಂದು ಬೆಳಿಗ್ಗೆ 9 ಗಂಟೆಗೆ ಭರಮುವಿಗೆ ರವದಿ ತೆಗೆಯಲು ಹೇಳಿದೆನು. ಅವನು ಹಾರೆಯನ್ನು ಗೋಡೆಗೆ ಆನಿಸಿಟ್ಟು, ಬಾಳೂ, ನನ್ನ ಕೈಲೆ ಆಗೂದಿಲ್ಲೋ, ಬೇಕಾದ್ರ ನಾಳಿಂದ ಬರಬ್ಯಾಡ ಅನ್ನು ಎಂದು ಹೇಳಿ ಹೊರಗೆ ಜಾಲಿಗಿಡದ ಕೆಳಗೆ ಹೋಗಿ ಕುಳಿತನು. ಉಳಿದ ಆಳುಗಳು ನನ್ನ ಮುಖ ನೋಡಿದರು. ಆಗ ನಾನೇ ಅಂಗಿ ತೆಗೆದು, ಕಬ್ಬಿಣದ ಕೊಕ್ಕೆ ಹಿಡಿದು, 9 ಗಂಟೆ 15 ನಿಮಿಷದಿಂದ ಮಧ್ಯಾಹ್ನ 1 ಗಂಟೆ 40 ನಿಮಿಷದವರೆಗೆ 13 ರಿಂದ 20 ನೇ ಕಮಾನುಗಳ ಹಿಂದಿನ ರವದಿಯನ್ನು ನನ್ನ ಕೈಯಿಂದ ಎಳೆದು ತೆಗೆದಿದ್ದೇನೆ. ಒಟ್ಟು 22 ಬುಟ್ಟಿ. ಕಲ್ಲಿನ ಚೂರು ಬಡಿದು ಬಿಗಿದವನೂ ನಾನೇ. ಚೂರುಗಳನ್ನು ಕೈಗೆ ಕೊಡುತ್ತಿದ್ದವನು ದುರಗಪ್ಪ ವಡ್ಡರ, ವಯಸ್ಸು 29, ಡ್ರಿಲ್ ಹಿಡಿಯುವವನು, ನನ್ನ ಆಳು. ಅವನು ನಡುವೆ ಒಮ್ಮೆ, ಸಾವಕಾರ್ರ, ಇದು ನಿಮ್ಮ ಸ್ವಂತ ಬಾವಿ ಆಗಿದ್ರ ತಗೀತಿದ್ರೇನ್ರಿ ಎಂದು ಕೇಳಿದನು. ನಾನು, ಸುಮ್ನ ಕಲ್ಲ ಕೊಡಲೇ, ಬಾಯಿಲೆ ಬೋಗದಾ ನಿಲ್ಲೂದಿಲ್ಲ ಎಂದೆನು. ಅವನು ನಕ್ಕು ಕಲ್ಲು ಕೊಟ್ಟನು. ತೆಗೆದ ರವದಿಗೆ ಸುರಂಗದ ಬಾಯಿಯಲ್ಲಿ ಇಂಜಿನಿಯರರು ಬೆಂಕಿ ಹಚ್ಚಿಸಿದರು.

ಈ ಜಾಗ ಬಂದಾಗ ಬರೆದುಕೊಳ್ಳುತ್ತಿರುವ ಹವಾಲ್ದಾರರು ಪೆನ್ನು ನಿಲ್ಲಿಸಿ, ಇದು ಬ್ಯಾಡ್ರಿ ಖೋತ, ನಿಮಗ ತೊಡಕ ಆಗತೈತಿ, ತಗಸಿದ್ರು ಅಂತಷ್ಟ ಬರೀತೇನು ಎಂದು ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ಒಪ್ಪಲಿಲ್ಲ. ಇಂಜಿನಿಯರರ ಹುಕುಮು ಬಾಯಿಮಾತಿನದು. ಅದನ್ನು ಕೇಳಿದ ಕಿವಿ ನನ್ನವು ಎರಡೇ. ನಾನು ತೆಗೆಯಲಿಲ್ಲ ಎಂದರೆ ಯಾರು ಹೇಳಿದರೆಂಬ ಪ್ರಶ್ನೆಯೇ ಏಳುವುದಿಲ್ಲ. ಆದ್ದರಿಂದ ಹೇಳಿದಂತೆಯೇ ಬರೆಸಿದ್ದೇನೆ.

ಮಾರ್ಚ್ 1 ರಿಂದ ಮುಂದಿನ ಕಲ್ಲು ಕೊರೆಯಲು ಡ್ರಿಲ್ಲಿಗೆ ಪೈಪಿನಿಂದ ನೀರು ಬಿಟ್ಟರು. ಸುರಂಗದ ಇಳಿಜಾರು ಬಾಯಿಯ ಕಡೆಗೆ. ಒಳಗೆ ಬಿಟ್ಟ ನೀರು ಹೊರಗೆ ಬರಬೇಕು. ದಿನಾಂಕ 3-3-1991 ರಂದು ಘಾಸಲೇಟಿನ, ಅಂದರೆ ಸೀಮೆಎಣ್ಣೆಯ, ಡಬ್ಬಿಯಿಂದ ಅಳೆದೆನು. ತಾಸಿಗೆ ಒಳಗೆ ಹೋಗುವುದು 40 ಡಬ್ಬಿ. 20 ನೇ ಕಮಾನು ದಾಟಿ ಇಳಿಯುವುದು 37. 12 ನೇ ಕಮಾನಿನ ಹತ್ತಿರ ಸಿಕ್ಕದ್ದು 12. ಅಲ್ಲಿಂದ ಬಾಯಿಯವರೆಗೂ ಅದೇ 12, ಯಾಕೆಂದರೆ ಆ ಹಾಸಗಲ್ಲು ಒಡೆದಿರಲಿಲ್ಲ. 20 ಕ್ಕೂ 12 ಕ್ಕೂ ನಡುವೆ 25 ಡಬ್ಬಿ ನೀರು ತಾಸಿಗೊಮ್ಮೆ ಬಿರುಕಿನಲ್ಲಿ ಇಳಿದು ಗೇರಿನ ಹೊಟ್ಟೆ ಸೇರುತ್ತಿತ್ತು.

ಅದೇ ದಿನದಿಂದ ಕಮಾನುಗಳ ಎರಡು ಕಾಲುಗಳ ನಡುವಿನ ಅಂತರವನ್ನು ಸುಣ್ಣದ ಗುರುತು ಹಾಕಿ ಅಳೆದು ಬರೆದಿಟ್ಟಿದ್ದೇನೆ. ನಿಲ್ಲಿಸಿದ ದಿನ ಎಲ್ಲ ಕಮಾನುಗಳ ಅಳತೆ 11 ಅಡಿ 8 ಇಂಚು. 17 ನೇ ಕಮಾನು ಮಾರ್ಚ್ 3 ರಂದು 11 ಅಡಿ 7 ಇಂಚು, 6 ರಂದು 11 ಅಡಿ ಐದೂವರೆ, 9 ರಂದು 11 ಅಡಿ 3, 11 ರಂದು 11 ಅಡಿ 1. ಅದೇ ಜಾಗದಲ್ಲಿ ನೆಲ ಎದ್ದು ಟ್ರಾಲಿಯ ಹಳಿ 4 ಇಂಚು ಮೇಲೆ ಬಂದಿತ್ತು. 6 ನೇ ಕಮಾನು ಎಲ್ಲ ದಿನವೂ 11 ಅಡಿ 8 ಇಂಚು. ಅಲ್ಲಿಯೂ ಗೇರು ಇದೆ, ಪಕ್ಕದಿಂದ ಸ್ವಲ್ಪ ಉಬ್ಬಿಯೂ ಇದೆ. ಹಿಂದೆ ರವದಿ ಇದ್ದುದರಿಂದ ಅದು ಕುಗ್ಗಿತು, ಕಬ್ಬಿಣ ಬಾಗಲಿಲ್ಲ. 17 ರಲ್ಲಿ ನಾನು ಬಿಗಿದ ಕಲ್ಲಿಗೆ ಕುಗ್ಗಲು ಬರುವುದಿಲ್ಲ. ಅದು ಗೇರಿನ ಒತ್ತಡವನ್ನೆಲ್ಲ ಕಮಾನಿನ ಕಾಲಿಗೆ ದಾಟಿಸಿತು.

6 ರಂದು ಸಂಜೆ 4 ಗಂಟೆಗೆ ಈ ಲೆಕ್ಕ ತೋರಿಸಿದಾಗ ಇಂಜಿನಿಯರರು, ಖೋತ, ನಿನ್ನ ಟೇಪ ಹಳೇದಾತು, ಬದಲ ಮಾಡು ಎಂದರು. ಇದೇ ಟೇಪು 6 ನೇ ಕಮಾನಿಗೆ ಸರಿ ತೋರಿಸುತ್ತದೆ, ಜಾಗ ನೋಡಿ ಸುಳ್ಳು ಹೇಳುವ ಚಟ ಅದಕ್ಕಿಲ್ಲ ಎಂದೆನು. ಹಳಿಯ ಬಗ್ಗೆ ಕೇಳಿದ್ದಕ್ಕೆ, ಹಳಿ ಹಾಕಿದವರು ಸೊಟ್ಟ ಹಾಕ್ಯಾರ ಎಂದರು. ಮಾರ್ಚ್ 1 ರಿಂದ ಮತ್ತೆ ಕೆಲಸಕ್ಕೆ ಬರುತ್ತಿದ್ದ ಭರಮು 9 ರಂದು ತಾನೇ ಅವರ ಟೆಂಟಿಗೆ ಹೋಗಿ, ಕಳ್ಳ ಅನ್ರಿ, ಏನರೆ ಅನ್ರಿ, 13 ರಿಂದ ಆಚಿಗಿ ಮಂದಿನ್ನ ನಿಲ್ಲಸಬ್ಯಾಡ್ರಿ ಎಂದು ಬೇಡಿಕೊಂಡನು. ಊಟ ನಡೆದಿದೆ, ಆಮೇಲೆ ಬಾ ಎಂದರು. ಆಮೇಲೆ ಹೋದಾಗ ಜೀಪು ಚಿಕ್ಕೋಡಿಗೆ ಹೋಗಿತ್ತು.

ದಿನಾಂಕ 12-3-1991 ಮಂಗಳವಾರ ಮಧ್ಯಾಹ್ನ 3 ಗಂಟೆ 25 ನಿಮಿಷಕ್ಕೆ 17 ನೇ ಕಮಾನಿನ ಎಡಗಾಲಿನ ನಟ್ಟು ಹಾರಿ ಎದುರಿನ ಗೋಡೆಗೆ ಬಡಿದ ಸಪ್ಪಳ ಕೇಳಿತು. ನಾನು 10 ನೇ ಕಮಾನಿನ ಹತ್ತಿರ ಇದ್ದೆನು. ಭರಮು ಒಳಗೆ ಓಡಿ ಎಲ್ಲರನ್ನೂ ಹೊರಗೆ ಅಟ್ಟಿದನು. ಒಳಗಿದ್ದ ಒಂಬತ್ತು ಜನರಲ್ಲಿ ಎಂಟು ಜನ ಹೊರಬಂದರು. ದುರಗಪ್ಪ ಡ್ರಿಲ್ಲಿನ ಪೈಪು ಬಿಚ್ಚಲು ಹಿಂದೆ ಉಳಿದಿದ್ದನು. 3 ಗಂಟೆ 40 ನಿಮಿಷಕ್ಕೆ ಕಮಾನಿನ ಕಾಲು ಒಳಕ್ಕೆ ಮಡಚಿ, ಮೇಲಿನಿಂದ 5 ಅಡಿ ಉದ್ದ 3 ಅಡಿ ಅಗಲದ ಕಲ್ಲು ಅದರ ಕೆಳಗೆ ಹಾಯುತ್ತಿದ್ದ ಅವನ ಮೇಲೆ ಬಿದ್ದಿತು. ಜಾಕು ಹಚ್ಚಿ ಕಲ್ಲು ಎತ್ತಲು 1 ಗಂಟೆ 50 ನಿಮಿಷ ಹಿಡಿಯಿತು. ಎತ್ತಿದಾಗ ಅವನ ತಲೆಯ ಮೇಲಿನ ಬ್ಯಾಟರಿ ದೀಪ ಉರಿಯುತ್ತಲೇ ಇತ್ತು. ಅದನ್ನು ಆರಿಸಲು ನನಗಾಗಲಿ ಭರಮುವಿಗಾಗಲಿ ಕೈ ಬರಲಿಲ್ಲ. ದುರಗಪ್ಪನ ಹೆಂಡತಿ ಶೇವಂತಾ, ಸುರಂಗದ ಬಾಯಿಯಲ್ಲಿ ಜಲ್ಲಿ ಖಡಿ ಹೊರುವ ಕೆಲಸದವಳು, ಬಂದು ಆರಿಸಿದಳು.

ದಿನಾಂಕ 13-3-1991 ರಂದು ಬೆಳಿಗ್ಗೆ ಇಂಜಿನಿಯರರು ಠಾಣೆಗೆ ಫಿರ್ಯಾದಿ ಕೊಟ್ಟು, ಮುಕಾದಮ ಭರಮು ಕಲ್ಲು ತುಂಬುವ ಬದಲು ಕಬ್ಬಿನ ಕಸ ತುಂಬಿದ್ದರಿಂದ 17 ನೇ ಕಮಾನು ಬಿದ್ದು ದುರಗಪ್ಪ ಸತ್ತನೆಂದು ಬರೆಸಿ, ಜೊತೆಗೆ ಆ ಫೋಟೋ ಹಚ್ಚಿದ್ದಾರೆ. ಕಸವಿದ್ದ ಫೋಟೋ 27 ನೇ ಫೆಬ್ರುವರಿಯದು. ಕಮಾನು ಬಿದ್ದದ್ದು 12 ನೇ ಮಾರ್ಚಿಗೆ. ನಡುವಿನ 13 ದಿನಗಳನ್ನು ಅವರು ನುಂಗಿದ್ದಾರೆ.

ಇಂದು ಬೆಳಿಗ್ಗೆ 7 ಗಂಟೆ 30 ನಿಮಿಷಕ್ಕೆ ಅವರು ನನ್ನ ಮನೆಗೆ ಬಂದರು. ಟೈಪು ಮಾಡಿದ ಒಂದು ಹಾಳೆಯನ್ನು ಮುಂದಿಟ್ಟು, ಬಿದ್ದ ದಿನವೂ ರವದಿ ಇತ್ತೆಂದು ಇದರಲ್ಲಿದೆ, ಸಹಿ ಮಾಡು, ಭರಮು ಅಡಾಣಿ, ಓದುಬರಹ ಇಲ್ಲದ ಮನುಷ್ಯ, ಅವನಿಗೆ ಆರು ತಿಂಗಳು ಒಳಗಿದ್ದರೇನು ಹೊರಗಿದ್ದರೇನು, ಮುಂದಿನ ಬೋಗದಾ ನಿನ್ನದು ಎಂದು ಹೇಳಿದರು. ಚಹಾ ತಂದ ನನ್ನ ಹೆಂಡತಿ ಪದ್ಮವ್ವ ಬಸಿಯನ್ನು ಅವರ ಕೈಗೆ ಕೊಡದೆ ನಿಂತು, ಸಾಹೇಬ್ರ, ನಮ್ಮ ಮನಿ ಬಾವಿ ಭರಮಣ್ಣನ ಕಟ್ಯಾನ್ರಿ, ಈ ಚಹಾದ ನೀರು ಅದರದ ಐತಿ, ಕುಡೀತೀರೋ ಚೆಲ್ಲಲೋ ಎಂದು ಕೇಳಿದಳು. ಅವರು ಕುಡಿಯದೆ ಎದ್ದರು. ಸಹಿ ಮಾಡಿಲ್ಲ. ಹಾಳೆ ನನ್ನ ಕಡೆ ಉಳಿದಿದೆ, ಇದರೊಂದಿಗೆ ಹಾಜರುಪಡಿಸಿದ್ದೇನೆ.

11 ಗಂಟೆ 30 ನಿಮಿಷಕ್ಕೆ ಇಲ್ಲಿಗೆ ಬಂದು ಪರವಾನಗಿ ತೆಗೆದುಕೊಂಡು ಭರಮುವನ್ನು ಭೇಟಿಯಾದೆನು. ರವದಿ ತೆಗೆದವನು ಬಾಳಾಸಾಬ ಎಂದು ಯಾಕೆ ಹೇಳಲಿಲ್ಲವೆಂದು ಕೇಳಿದೆನು. ಅವನು, ನೀ ಹೊರಗಿದ್ರ ಇಪ್ಪತ್ತ ಮಂದಿಗಿ ಕೆಲಸ ಐತಿ, ನಾ ಹೊರಗಿದ್ರ ಯಾರಿಗೈತಿ ಎಂದನು. ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆನು. ಬೈದ ಶಬ್ದಗಳನ್ನು ಕಾವಲಿಗಿದ್ದ ಪೊಲೀಸರು ಕೇಳಿದ್ದಾರೆ, ಇಲ್ಲಿ ಬರೆಯುವ ಅವಶ್ಯಕತೆ ಇಲ್ಲ. ಅವನು ಕಳ್ಳನಲ್ಲ. ಆ ಜಾಗದಲ್ಲಿ ಕೆಲಸ ಬಲ್ಲವನು ಅವನೊಬ್ಬನೇ. ನಾನೂ ಬಲ್ಲವನಾಗಿದ್ದೆ, ಬಲ್ಲದ್ದನ್ನು ಮಾರಿಕೊಂಡೆ. ಇಂಜಿನಿಯರರು ಬಲ್ಲವರ ಹಾಗೆ ಪ್ಯಾಂಟು ಹಾಕುತ್ತಾರೆ.

ಮಧ್ಯಾಹ್ನ 2 ಗಂಟೆ 15 ನಿಮಿಷಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರ ಕಂಪನಿಯ ಲಾರಿಯ ಡ್ರೈವರ್ ಭೀಮಸಿ ಸಿಕ್ಕು, 90 ಚೀಲ ಸಿಮೆಂಟು ಹೇರಿಕೊಂಡು ಹೋಗುತ್ತಿದ್ದೇನೆ, ಇಂದು ಸಂಜೆ ಐದೂವರೆಗೆ 1 ರಿಂದ 20 ನೇ ಕಮಾನಿನವರೆಗೆ ಪಕ್ಕ ನೆಲ ಎಲ್ಲ ಕಾಂಕ್ರೀಟು ಸುರಿದು ಮುಚ್ಚುತ್ತಾರೆ ಎಂದು ತಿಳಿಸಿದನು. ಅವನು ಇದನ್ನು ಒಳ್ಳೆಯ ಸುದ್ದಿಯೆಂದು ಹೇಳಿದನು. ಮುಚ್ಚಿದ ಮೇಲೆ ಫೋಟೋ ಒಂದೇ ಸಾಕ್ಷಿಯಾಗಿ ಉಳಿಯುತ್ತದೆ.

ಕಾರಣ ನನ್ನ ವಿನಂತಿ ಇಷ್ಟೇ. ಪಂಚರನ್ನು ಕರೆದುಕೊಂಡು ಬಂದು ಎರಡು ಕಡೆ ಒಡೆಸಿ ನೋಡಬೇಕು. 6 ನೇ ಕಮಾನಿನ ಗಿಲಾವು ಒಡೆದರೆ ಭರಮು ತುಂಬಿದ ರವದಿ ಸಿಗುತ್ತದೆ, ಕಮಾನು ನೆಟ್ಟಗಿದೆ. 16 ನೇ ಕಮಾನಿನ ಹಲಗೆ ಎತ್ತಿದರೆ ನಾನು ಬಡಿದ ಕಲ್ಲು ಸಿಗುತ್ತದೆ, ಕಮಾನು ಬಾಗಿದೆ. ನೆಲದ ಬಿರುಕಿನಲ್ಲಿ ಬೆರಳು ಹಾಕಿದರೆ ಕೆಂಪು ಕೆಸರು ಹತ್ತುತ್ತದೆ. ಹಲಗೆ ಎಲ್ಲಿ ಸಡಿಲ ಇದೆಯೆಂದು ನನಗೆ ಗೊತ್ತು, ಮೊಳೆ ಹೊಡೆದವನು ನಾನೇ. ನೋಡಿದ ಮೇಲೆ ನನ್ನ ಮೇಲೆ ಯಾವ ಕಲಂ ಹಚ್ಚುವುದಿದೆಯೋ ಹಚ್ಚಬೇಕು, ಇಂಜಿನಿಯರರ ಮೇಲೆ ಯಾವುದನ್ನು ಹಚ್ಚುವುದಿದೆಯೋ ಅದನ್ನೂ ಹಚ್ಚಬೇಕು. ಭರಮುವಿನ ಮೇಲೆ ಹಚ್ಚಲು ಏನೂ ಉಳಿಯುವುದಿಲ್ಲ.

ಈಗ ಠಾಣೆಯ ಗಡಿಯಾರದಲ್ಲಿ 4 ಗಂಟೆ 10 ನಿಮಿಷ. ಇಲ್ಲಿಂದ ಸುರಂಗಕ್ಕೆ 22 ಕಿ.ಮೀ. ಜೀಪಿಗೆ 40 ನಿಮಿಷ ಸಾಕು. ಜೀಪಿನಲ್ಲಿ ಡೀಸೆಲ್ ಇಲ್ಲವೆಂದು ಫೌಜದಾರ ಸಾಹೇಬರು ಬೆಳಿಗ್ಗೆ ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. ನನ್ನ ಮೋಟಾರ್ ಸೈಕಲ್ ಹೊರಗೆ ಬೇವಿನ ಗಿಡದ ಕೆಳಗಿದೆ. ಟಾಕಿ ತುಂಬಿದೆ.

ಬರೆದದ್ದನ್ನು ಹವಾಲ್ದಾರರು ನನಗೆ ಕನ್ನಡದಲ್ಲಿ ಓದಿ ಹೇಳಿದರು. ನಾನು ಹೇಳಿದ್ದಕ್ಕೂ ಬರೆದದ್ದಕ್ಕೂ ತಾಳೆ ಇದೆ. ಇದರಲ್ಲಿ ಯಾರ ಒತ್ತಾಯವೂ ಇಲ್ಲ, ನನ್ನ ಬಗ್ಗೆ ಬರೆದದ್ದೂ ನಿಜವೆಂದು ತಿಳಿದೇ ರುಜು ಮಾಡಿದ್ದೇನೆ.

ಸ್ಥಳ: ರಾಯಬಾಗ
ದಿನಾಂಕ: 14-3-1991

(ಸಹಿ) ಬಾಳಾಸಾಬ ಗುರಪ್ಪ ಖೋತ

ನನ್ನ ಸಮಕ್ಷಮ ಸಹಿ ಆಗಿದೆ. ಹೇಳಿಕೆದಾರನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಸ್ಥಳಕ್ಕೆ ಹೊರಟ ವೇಳೆ ಸಂಜೆ 4 ಗಂಟೆ 20 ನಿಮಿಷ. ಆರೋಪಿ ಭರಮು ಮಾಳಸಿದ್ದ ಪೂಜೇರಿ ಇವನನ್ನು ಜಾಗ ತೋರಿಸುವ ಸಲುವಾಗಿ ಲಾಕಪ್ಪಿನಿಂದ ತೆಗೆದು ಡೀಸೆಲ್ ತುಂಬಿಸಿದ ಜೀಪಿನ ಮುಂದಿನ ಸೀಟಿನಲ್ಲಿ ಕೂಡಿಸಲಾಗಿದೆ.

(ಸಹಿ) ಫೌಜದಾರ